ಮುಕ್ತಿನಾಥದ ದಾರಿಯಲ್ಲಿ ಯಾರೋ ‘ಎಲ್ಲಿಗೆ’ ಅಂದರು

ದೆವ್ವ, ಶಕುನ, ಗಾಳಿ ಸೋಕುವುದು ಇಂಥವನ್ನೆಲ್ಲ ನಾನು ಯಾವತ್ತೂ ನಂಬಿದವನಲ್ಲ. ನಂಬದೇ ಇರುವುದಕ್ಕೆ ಗಟ್ಟಿಯಾದ ಕಾರಣವಿತ್ತು. ಮದ್ದೂರಿನ ಸುತ್ತಮುತ್ತ ಜನ ಕಣ್ಣಾರೆ ಕಂಡೆವು, ಕಿವಿಯಾರೆ ಕೇಳಿದೆವು ಎಂದು ಆಣೆ ಇಟ್ಟು ಹೇಳುವ ದೆವ್ವಗಳಲ್ಲಿ ಅರ್ಧಕ್ಕರ್ಧ ನಾನೇ. ಹುಣಸೆ ಮರದ ಮೇಲೆ ಕೂತು ಕೆಮ್ಮಿದವನು ನಾನು. ಕೆರೆ ಏರಿಯ ಮೇಲೆ ಗೆಜ್ಜೆ ಕಟ್ಟಿಕೊಂಡು ಓಡಿದವನೂ ನಾನೇ. ಹೀಗಿರುವಾಗ ನಾನು ಯಾರಿಗೆ ಹೆದರಲಿ, ನೀವೇ ಹೇಳಿ.

ಮದ್ದೂರಿನಲ್ಲಿ ನನ್ನದೊಂದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ನಾಟಕ, ಎಲೆಕ್ಷನ್ನು, ತಿಥಿ, ಯಾವುದಕ್ಕೆ ಕರೆದರೂ ಹೋಗಿ ಕಟ್ಟಿ ಬರುತ್ತೇನೆ. ಮೈಕಿನ ಜತೆ ಬಾಳಿ ಬಾಳಿ ದನಿಗಳು ನನಗೆ ಕರತಲಾಮಲಕವಾಗಿವೆ. ಎಂಥವರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಅವರ ಹೆಂಡತಿಯೇ ಓಗೊಡುವ ಹಾಗೆ ಕೂಗಿಬಿಡುತ್ತೇನೆ. ಇದು ಜಂಬವಲ್ಲ. ಜಂಬವೇ ಇರಬಹುದು, ಆದರೆ ಸುಳ್ಳಲ್ಲ.

ನನ್ನ ಚೇಷ್ಟೆಗಳಲ್ಲೆಲ್ಲ ಹೆಸರು ಮಾಡಿದ್ದು ‘ಎಲ್ಲಿಗೆ’ ಚೇಷ್ಟೆ. ನಿಮಗೆ ಗೊತ್ತೇ ಇದೆ, ನಮ್ಮ ಕಡೆ ಹೊರಟು ನಿಂತವರನ್ನು ಎಲ್ಲಿಗೆ ಅಂತ ಕೇಳಬಾರದು. ಕೇಳದೆ ಇರಲಾಗದಿದ್ದರೆ ‘ದೂರ ಒಂಟ್ರಾ’ ಅನ್ನಬೇಕು. ತಪ್ಪಿ ಯಾರಾದರೂ ಎಲ್ಲಿಗೆ ಅಂದುಬಿಟ್ಟರೆ ಹೋಗುವ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಹೊರಟವರು ಒಳಗೆ ಹೋಗಿ ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಆತಗೂರಿನಲ್ಲಿ ಒಂದು ಮನೆಯವರು ಹೆಣ್ಣು ನೋಡಲು ವ್ಯಾನ್ ಹತ್ತಿದಾಗ ನಾನು ಹಿತ್ತಲ ಗೋಡೆಯ ಹಿಂದೆ ನಿಂತು ಮುದುಕಿಯ ದನಿಯಲ್ಲಿ ‘ಎಲ್ಲಿಗ್ರಲಾ ಒಂಟ್ರಿ’ ಅಂದೆ. ಎಲ್ಲರೂ ಇಳಿದು ನೀರು ಕುಡಿದು ಮತ್ತೆ ಹತ್ತಿದರು. ಮತ್ತೆ ಅಂದೆ. ಮತ್ತೆ ಇಳಿದರು. ಕೊನೆಗೆ ಮದುವೆ ಗಂಡೇ ಪಂಚೆ ಬಿಚ್ಚಿ ಲುಂಗಿ ಸುತ್ತಿಕೊಂಡು ನಾನು ಬರುವುದಿಲ್ಲ ಅಂತ ಮಲಗಿಬಿಟ್ಟ. ಈ ಕತೆ ಮಂಡ್ಯದಿಂದ ಮಳವಳ್ಳಿಯವರೆಗೆ ಎಲ್ಲರಿಗೂ ಗೊತ್ತು. ಹೇಳಿಕೊಂಡು ತಿರುಗಿದವನು ನಾನೇ ತಾನೆ.

ಈಗ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಜನ ನೇಪಾಳಕ್ಕೆ ಜೀಪಿನಲ್ಲಿ ಹೊರಟೆವು. ಅದಕ್ಕೆ ಕಾರಣ ಕೆಂಪಣ್ಣ. ಅವನು ನನ್ನ ಬಾಲ್ಯದ ಗೆಣೆಕಾರ. ಲಾರಿ ಓಡಿಸಿಯೇ ಮುದುಕನಾದವನು, ಇಂಡಿಯಾದಲ್ಲಿ ನಾನು ತುಳಿಯದ ರೋಡಿಲ್ಲ ಅಂತ ಕೊಚ್ಚಿಕೊಳ್ಳುತ್ತಿದ್ದ. ಹಾಗಾದರೆ ಇಂಡಿಯಾದ ಆಚೆಗೆ ಓಡಿಸು ನೋಡೋಣ ಅಂತ ನಾನು ಕೆಣಕಿದೆ. ನನ್ನ ಹೆಂಡತಿ ಜಯಮ್ಮನಿಗೆ ಮುಕ್ತಿನಾಥ ನೋಡಬೇಕು, ಗಂಡಕಿ ನದಿಯಲ್ಲಿ ಕೈಯಾರೆ ಒಂದು ಸಾಲಿಗ್ರಾಮ ಎತ್ತಿಕೊಳ್ಳಬೇಕು ಅನ್ನುವ ಆಸೆ ಇತ್ತು. ಅವಳ ತಮ್ಮ ಶಿವರಾಜು ಮಳವಳ್ಳಿಯವನು, ಬ್ಯಾಂಕಿನಲ್ಲಿ ಕೆಲಸ. ಹಿಂದಿ ಬರುತ್ತದೆ, ಮೊಬೈಲಿನಲ್ಲಿ ದಾರಿ ನೋಡುವುದು ಬರುತ್ತದೆ, ನಗುವುದು ಮಾತ್ರ ಅಷ್ಟಾಗಿ ಬರುವುದಿಲ್ಲ. ಗಡಿಯಲ್ಲಿ ಗಾಡಿಗೆ ಬೇಕಾದ ಕಾಗದ, ಉಳಿಯುವ ಜಾಗ, ಎಲ್ಲದರ ಜವಾಬ್ದಾರಿ ಅವನೇ ಹೊತ್ತುಕೊಂಡ. ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ಕೈ ಮುಗಿದು, ಜೀಪಿಗೆ ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹೊರಟೆವು. ರಾಗಿ ಹಿಟ್ಟಿನ ಡಬ್ಬ ಜಯಮ್ಮನ ಕಾಲ ಬಳಿ.

ಗಡಿ ದಾಟಿದ ಮೇಲೆ ನಾನು ಜೀಪಿನಿಂದ ತಲೆ ಹೊರಗೆ ಹಾಕಿ ಫಾರಿನ್ನಿನ ಗಾಳಿ ಕುಡಿದೆ. ಅದು ಗೋರಖಪುರದ ಗಾಳಿಯ ಹಾಗೇ ಇತ್ತು. ಪೋಖರಾ ಎಂಬ ಊರಿನವರೆಗೆ ಏನೂ ತೊಂದರೆಯಾಗಲಿಲ್ಲ. ದಾರಿಯುದ್ದಕ್ಕೂ ನಾನು ಶಿವರಾಜುವನ್ನು ಸತಾಯಿಸಿದ್ದೇ ಸತಾಯಿಸಿದ್ದು. ಅವನು ಲಾಡ್ಜಿನಿಂದ ಬ್ಯಾಗು ಹಿಡಿದು ಹೊರಡುವಾಗ ಬಾಗಿಲ ಹಿಂದಿನಿಂದ ಅದೇ ಮುದುಕಿಯ ದನಿಯಲ್ಲಿ ಎಲ್ಲಿಗೆ ಅನ್ನುವುದು. ಅವನು ಹಲ್ಲು ಕಚ್ಚಿಕೊಂಡು, ಭಾವ, ವಯಸ್ಸಿಗಾದರೂ ಮರ್ಯಾದೆ ಕೊಟ್ಕೊಳ್ಳಿ ಅನ್ನುತ್ತಿದ್ದ.

ಬೇನಿ ಎಂಬ ಊರು ದಾಟಿದ ಮೇಲೆ ದಾರಿಯ ಚಹರೆಯೇ ಬದಲಾಯಿತು. ಒಂದು ಕಡೆ ಕತ್ತೆತ್ತಿದರೂ ತುದಿ ಕಾಣದ ಬೆಟ್ಟ, ಇನ್ನೊಂದು ಕಡೆ ಬಹಳ ಕೆಳಗೆ ಕಾಳಿ ಗಂಡಕಿ, ಬೂದಿ ಕದಡಿದ ಹಾಗೆ ಬೂದುಬಣ್ಣದ ನೀರು. ಮಳೆಗಾಲ ಮುಗಿಯುತ್ತಾ ಬಂದಿತ್ತು, ಆದರೂ ಹಿಂದಿನ ದಿನ ಜೋರಾಗಿ ಸುರಿದಿತ್ತಂತೆ. ದಾರಿ ಅಂದರೆ ಬರೀ ಕಲ್ಲು, ಕೆಸರು. ಎದುರಿಗೆ ಬಸ್ಸು ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಬೇಕು. ಬೆಳಗ್ಗೆಯಿಂದ ಕೆಂಪಣ್ಣ ಮಾತು ನಿಲ್ಲಿಸಿದ್ದ. ಅವನು ಸ್ಟೇರಿಂಗು ಹಿಡಿದು ಮಾತು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಒಂದು ತಗಡಿನ ಸೂರಿನ ಟೀ ಅಂಗಡಿಯ ಹತ್ತಿರ ನಿಲ್ಲಿಸಿ ಉಂಡೆವು. ಅಂಗಡಿಯ ಹೆಂಗಸು ಬೆಟ್ಟದ ಕಡೆ ಕೈ ತೋರಿಸಿ ಏನೋ ಹೇಳಿದಳು. ನಿಧಾನಕ್ಕೆ ಹೋಗಿ ಅನ್ನುತ್ತಿದ್ದಾಳೆ ಅಂತ ಶಿವರಾಜು ಅರ್ಥ ಹೇಳಿದ. ಕತ್ತಲಾಗುವುದರೊಳಗೆ ಮುಂದಿನ ಊರು ಸೇರಬೇಕು ಅಂತ ಅವನಿಗೆ ಆತುರ. ಎಲ್ಲರೂ ಜೀಪು ಹತ್ತಿದೆವು. ಮುಂದೆ ಕೆಂಪಣ್ಣ, ಶಿವರಾಜು. ಹಿಂದೆ ನಾನು, ಜಯಮ್ಮ. ಆಗಷ್ಟೇ ಅವಳು ಎಲೆ ಅಡಿಕೆ ಮಡಿಸಿ ಕೊಟ್ಟಿದ್ದಳು. ಅದನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡು ಒಂದು ಕೆನ್ನೆ ಉಬ್ಬಿಸಿಕೊಂಡು ಕೂತಿದ್ದೆ. ಈ ಎಲೆ ಅಡಿಕೆಯ ಸಂಗತಿಯನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ನನ್ನ ಪರವಾಗಿ ಇರುವ ಸಾಕ್ಷಿ ಅದೊಂದೇ.

ಕೆಂಪಣ್ಣ ಎಂಜಿನ್ ಚಾಲೂ ಮಾಡಿ ಗೇರು ಹಾಕಿದ. ಆಗ ಯಾರೋ ಕೇಳಿದರು.

“ಎಲ್ಲಿಗ್ರಲಾ ಒಂಟ್ರಿ?”

ನಮ್ಮ ಕನ್ನಡ. ಬೆಂಗಳೂರಿನದಲ್ಲ, ಮೈಸೂರಿನದೂ ಅಲ್ಲ. ನಮ್ಮ ಮದ್ದೂರು, ಮಳವಳ್ಳಿ ಸೀಮೆಯ, ಜಗಲಿಯ ಮೇಲೆ ಕೂತು ಕೇಳುವ ಒರಟು ಕನ್ನಡ. ದನಿ ಎತ್ತರಿಸಿ ಕೂಗಿದ್ದಲ್ಲ. ಎಂಜಿನ್ನಿನ ಸದ್ದು, ಕೆಳಗೆ ಹೊಳೆಯ ಮೊರೆತ, ಇವೆರಡರ ನಡುವೆ ಅಷ್ಟು ಮೆಲ್ಲಗೆ ಆಡಿದ ಮಾತು ಕೇಳಿಸಬಾರದು. ಇದನ್ನು ನಾನು ಮೈಕಿನವನಾಗಿ ಹೇಳುತ್ತಿದ್ದೇನೆ. ಆದರೆ ನಾಲ್ವರಿಗೂ ಕೇಳಿಸಿತು.

ಶಿವರಾಜು ತಿರುಗಿ ನನ್ನನ್ನು ದುರುಗುಟ್ಟಿ ನೋಡಿದ. ನಾನು ಉಬ್ಬಿದ ಕೆನ್ನೆಯನ್ನು ಬೆರಳಿನಿಂದ ತೋರಿಸಿದೆ. ಅವನಿಗೆ ಅದು ಇನ್ನೂ ದೊಡ್ಡ ನಾಟಕದ ಹಾಗೆ ಕಂಡಿರಬೇಕು. ಕೆಂಪಣ್ಣ ಜೀಪಿನ ಹಿಂದಕ್ಕೆ ನೋಡುತ್ತಿದ್ದ, ಜಯಮ್ಮ ಹೊಳೆಯ ಕಡೆಗೆ. ನನಗೆ ಮಾತ್ರ ಅದು ಮೇಲಿನ ಬೆಟ್ಟದಿಂದ ಬಂದ ಹಾಗಿತ್ತು. ಟೀ ಅಂಗಡಿಯ ಹೆಂಗಸು ಪಾತ್ರೆ ತೊಳೆಯುತ್ತಿದ್ದಳು, ತಲೆಯನ್ನೇ ಎತ್ತಲಿಲ್ಲ. ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲ.

ಜಯಮ್ಮ ಹೇಳಿದ್ದು ಇಷ್ಟೇ. “ಕೆಂಪಣ್ಣ, ಆಫ್ ಮಾಡು. ಇಳ್ದು ನೀರ್ ಕುಡ್ದು ಓಗವ.”

ಕೆಂಪಣ್ಣ ಎಂಜಿನ್ ಆರಿಸಿದ. ಶಿವರಾಜುವಿಗೆ ರೇಗಿತು. ಬೇರೆ ದೇಶಕ್ಕೆ ಬಂದರೂ ನಿಮ್ಮ ಹಳ್ಳಿ ಬುದ್ಧಿ ಬಿಡಲಿಲ್ಲವಲ್ಲ, ಈ ಮುದುಕ ಒಬ್ಬ ಆಡಿಸುತ್ತಾನೆ, ನೀವಿಬ್ಬರು ಕುಣಿಯುತ್ತೀರಿ ಅಂತ ಬಾಯಿಗೆ ಬಂದದ್ದನ್ನೆಲ್ಲ ಅಂದ. ಆಮೇಲೆ, ನೀವು ನೀರಾದರೂ ಕುಡಿಯಿರಿ, ಸ್ನಾನವಾದರೂ ಮಾಡಿ, ನಾನು ಆ ತಿರುವಿನ ತನಕ ನಡೆದಿರುತ್ತೇನೆ, ಬಂದು ಹತ್ತಿಸಿಕೊಳ್ಳಿ ಅಂದವನೇ ಬೀಸುಗಾಲು ಹಾಕಿ ಹೊರಟ. ಅಕ್ಕ ಕರೆದದ್ದಕ್ಕೂ ತಿರುಗಲಿಲ್ಲ. ತಿರುವಿನಲ್ಲಿ ಅವನ ನೀಲಿ ಜರ್ಕಿನ್ನು ಮರೆಯಾಗುವವರೆಗೆ ನಾವು ನೋಡಿದೆವು.

ನಾವು ಮೂವರು ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಕೂತೆವು. ನಾನು ಎಲೆ ಅಡಿಕೆ ಉಗುಳಿ ಬಾಯಿ ಮುಕ್ಕಳಿಸಿದೆ. ಜಯಮ್ಮ ಲೋಟ ನನ್ನ ಕೈಗೆ ಕೊಡುತ್ತಾ, ನಿಜ ಹೇಳಿ ಅನ್ನುವ ಹಾಗೆ ನೋಡಿದಳು. ನಾನು ಅಲ್ಲ ಅಂತ ತಲೆಯಾಡಿಸಿದೆ. ಅವಳೇ ಮಡಿಸಿ ಕೊಟ್ಟ ಎಲೆಯಲ್ಲವೇ, ನಂಬಿದಳು. ಕೆಂಪಣ್ಣ ನೀರು ಕುಡಿಯುತ್ತಿದ್ದವನು ಲೋಟ ಕೆಳಗಿಳಿಸಿದ. ಬೆಟ್ಟದ ಒಳಗೆಲ್ಲೋ ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದಾಯಿತು. ಸದ್ದು ನಿಲ್ಲಲಿಲ್ಲ, ದೊಡ್ಡದಾಯಿತು. ಬೆಂಚು ನಡುಗಿತು. ತಿರುವಿನ ಮೇಲಿದ್ದ ಬೆಟ್ಟದ ಮೈ, ಮರಗಳು ನಿಂತ ಹಾಗೇ ನಿಂತಿರುವಂತೆಯೇ, ಕೆಳಗೆ ಜಾರಿತು.

ಅದನ್ನು ಹೇಗೆ ಹೇಳಲಿ. ಮರ ಬೀಳುತ್ತದೆ ಅಂದುಕೊಳ್ಳುತ್ತೇವಲ್ಲ, ಹಾಗೆ ಬೀಳಲಿಲ್ಲ. ನೆಟ್ಟಗೆ ನಿಂತುಕೊಂಡೇ ರಸ್ತೆ ದಾಟಿ ಹೊಳೆಗೆ ಹೋದವು. ಆಮೇಲೆ ದೂಳು. ಮಳೆ ನೆನೆಸಿದ ಬೆಟ್ಟದಿಂದ ಅಷ್ಟು ದೂಳು ಎಲ್ಲಿಂದ ಬಂತೋ. ದೂಳು ಇಳಿದಾಗ ತಿರುವಿರಲಿಲ್ಲ, ರಸ್ತೆ ಇರಲಿಲ್ಲ. ನಾವು ಇಳಿಯದೆ ಹೊರಟಿದ್ದರೆ ಜೀಪು ಆ ಕಲ್ಲು ಕೆಸರಿನಲ್ಲಿ ತೆವಳುತ್ತಾ ಅಲ್ಲೇ ಎಲ್ಲೋ ಇರುತ್ತಿತ್ತು. ಆದರೆ ಅದನ್ನು ಯೋಚಿಸುವ ಪುರುಸೊತ್ತು ಆಗ ಯಾರಿಗಿತ್ತು. ಶಿವರಾಜು ಅಲ್ಲಿದ್ದ.

ಜಯಮ್ಮ ಓಡಿದಳು. ಅಂಗಡಿಯ ಹೆಂಗಸು ಹಿಂದಿನಿಂದ ಬಂದು ಅವಳ ಸೊಂಟ ತಬ್ಬಿ ಹಿಡಿದು ಕೂರಿಸಿದಳು. ಕಲ್ಲುಗಳು ಇನ್ನೂ ಉರುಳುತ್ತಿದ್ದವು, ಒಂದೊಂದೂ ಕುರಿ ಗಾತ್ರದವು. ಜಯಮ್ಮ ಅಳಲಿಲ್ಲ. ಪ್ರೇಮಂಗೆ ಏನ್ ಏಳ್ಲಿ, ಪ್ರೇಮಂಗೆ ಏನ್ ಏಳ್ಲಿ ಅಂತ ಅದೊಂದನ್ನೇ ಜಪದ ಹಾಗೆ ಹೇಳುತ್ತಿದ್ದಳು. ಪ್ರೇಮ ಶಿವರಾಜುವಿನ ಹೆಂಡತಿ. ಅಷ್ಟು ದೂರ ಕಳಿಸುವುದಕ್ಕೆ ಅವಳಿಗೆ ಇಷ್ಟವಿರಲಿಲ್ಲ, ನಾನಿದ್ದೇನೆ ಅಂತ ಜಯಮ್ಮನೇ ಭಾಷೆ ಕೊಟ್ಟು ಕರೆತಂದಿದ್ದಳು.

ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಹಿಂದೆ ಬಂದ ಬಸ್ಸಿನ ಜನ ಇಳಿದು ಸೇರಿದರು. ಕೆಂಪಣ್ಣ ಜೀಪಿನ ಹಾರೆ ತೆಗೆದುಕೊಂಡು ಮಣ್ಣಿನ ಅಂಚಿಗೆ ಹೋಗುವುದು, ಮೇಲಿಂದ ಕಲ್ಲು ಬಂದರೆ ಓಡಿ ಬರುವುದು, ಮತ್ತೆ ಹೋಗುವುದು ಮಾಡುತ್ತಿದ್ದ. ನನಗೆ ಗೊತ್ತಿದ್ದ ಕೆಲಸ ಒಂದೇ, ಕೂಗುವುದು. ಶಿವರಾಜು ಅಂತ ಕೂಗಿದೆ. ಮೈಕಿಲ್ಲದೆ ನಾಟಕದ ಕೊನೆಯ ಸಾಲಿಗೆ ಮುಟ್ಟಿಸುವ ಗಂಟಲು ನನ್ನದು. ಅದನ್ನೆಲ್ಲ ಸುರಿದು ಕೂಗಿದೆ. ಬೆಟ್ಟ ಅದನ್ನೇ ನನಗೆ ವಾಪಸ್ಸು ಕೊಟ್ಟಿತು. ಬಿಸಿಲು ಎದುರು ಬೆಟ್ಟ ಹತ್ತುವವರೆಗೆ ಕೂಗುತ್ತಲೇ ಇದ್ದೆ. ದನಿ ಒಡೆಯಿತು, ಬಾಯಲ್ಲಿ ರಕ್ತದ ರುಚಿ ಬಂತು. ಜನ ನನ್ನ ಭುಜ ತಟ್ಟಿ, ಆಯಿತು, ಬಿಡು ಅನ್ನುವ ಹಾಗೆ ಕೈಸನ್ನೆ ಮಾಡಿದರು. ಒಬ್ಬ ಮುದುಕ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆ ಟೋಪಿಯನ್ನು ನೋಡಲಾರದೆ ನಾನು ಬೆನ್ನು ತಿರುಗಿಸಿ ಮತ್ತೆ ಕೂಗಿದೆ.

ಕೆಂಪಣ್ಣನೇ ಮೊದಲು ಕೇಳಿಸಿಕೊಂಡದ್ದು. ಅವನು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, “ಇನ್ನೊಂದ್ಸಲ ಕೂಗ್ಲಾ” ಅಂದ. ಕೂಗಿದೆ. ಮಣ್ಣಿನ ಅಂಚಿನಲ್ಲಿ ಮಗುಚಿ ಬಿದ್ದ ಪೊದೆಗಳ ಕೆಳಗಿನಿಂದ ಸಣ್ಣಗೆ ಉತ್ತರ ಬಂತು.

“ಭಾವ, ಬಾಯ್ ಮುಚ್ಕೊಳಿ ಸಾಕು. ಕೇಳುಸ್ತು.”

ತಿರುವಿನ ಆಚೆ ಅಲ್ಲ, ನಮ್ಮ ಕಡೆಗೇ ಇದ್ದ. ಬಲಗಾಲಿನ ಮೇಲೆ ಬಂಡೆ ಬಿದ್ದಿತ್ತು. ಬಸ್ಸಿನ ಜನವೆಲ್ಲ ಹಾರೆ, ಗುದ್ದಲಿ, ಬರಿಗೈ ಹಾಕಿ ಅದನ್ನು ಸರಿಸಿ, ಟೀ ಅಂಗಡಿಯ ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿದರು. ಆ ಹೆಂಗಸೇ ಕೀಳಿ ಅಂದದ್ದು. ಕೆಂಪಣ್ಣ ಆ ದಾರಿಯಲ್ಲಿ ಹೇಗೆ ವಾಪಸ್ಸು ಓಡಿಸಿದ ಅಂತ ನನಗೆ ಈಗಲೂ ನೆನಪಿಲ್ಲ. ನಾನು ಹಿಂದೆ ಶಿವರಾಜುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನು ಕಣ್ಣು ಮುಚ್ಚಿದಾಗಲೆಲ್ಲ ಕೆನ್ನೆ ತಟ್ಟುತ್ತಿದ್ದೆ. ಮುಕ್ತಿನಾಥ ನೋಡಲಿಲ್ಲ. ಸಾಲಿಗ್ರಾಮ ಸಿಗಲಿಲ್ಲ. ಪೋಖರಾದ ಒಂದು ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು.

ಆಪರೇಷನ್ ಆದ ಮೇಲೆ ಅವನು ನನ್ನನ್ನೊಬ್ಬನನ್ನೇ ಹಾಸಿಗೆ ಹತ್ತಿರ ಕರೆದ. ಬೈಯುತ್ತಾನೆ ಅಂದುಕೊಂಡೆ. ಅವನು ಕೈ ಹಿಡಿದುಕೊಂಡು, “ಭಾವ, ಎರಡ್ನೇ ಸಲ ನೀವು ಬಂದು ಕೇಳ್ದೆ ಇದ್ದಿದ್ರೆ ನಾನ್ ಮಣ್ಣಲ್ಲಿ ಇರ್ತಿದ್ದೆ” ಅಂದ.

ಯಾವ ಎರಡನೇ ಸಲ ಅಂತ ಕೇಳಿದೆ. ಅವನು ಹೇಳಿದ್ದು ಇದು. ತಿರುವು ದಾಟಿ ಸ್ವಲ್ಪ ಮುಂದೆ ಹೋಗಿದ್ದನಂತೆ. ಆಗ ಬೆನ್ನಿನ ಹಿಂದೆ, ಕಿವಿಗೆ ಉಸಿರು ತಾಗುವಷ್ಟು ಹತ್ತಿರದಲ್ಲಿ, “ಎಲ್ಲಿಗ್ಲಾ ಒಂಟೆ” ಅಂತ ಕೇಳಿಸಿತಂತೆ. ಈ ಸಲ ಅವನೊಬ್ಬನನ್ನೇ ಕೇಳಿದ್ದು. ತಿರುಗಿದರೆ ನಾನಿಲ್ಲ. ಈ ಮುದುಕ ಕೂಗಿ ಓಡಿಹೋದ, ಹಿಡಿದು ನಾಲ್ಕು ಬಿಡುತ್ತೇನೆ ಅಂತ ಸಿಟ್ಟಿನಲ್ಲಿ ನಮ್ಮ ಕಡೆಗೆ ಓಡುತ್ತಾ ಬಂದನಂತೆ. ಅವನ ಹಿಂದೆಯೇ ಬೆಟ್ಟ ಬಂತು.

ಅವನು ಹೇಳಿದ ಆ ಹೊತ್ತಿನಲ್ಲಿ ನಾನು ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಕೈಯಲ್ಲಿ ಲೋಟ, ಎಡಕ್ಕೆ ಹೆಂಡತಿ, ಬಲಕ್ಕೆ ಕೆಂಪಣ್ಣ. ನಿಜವನ್ನು ಹೇಳಿದೆ. ಅವನು ನಗಲಿಲ್ಲ. ಜಯಮ್ಮನನ್ನು ಕರೆದು ಕೇಳಿದ. ಅವಳೂ ಹೌದು, ಇವರು ಎದ್ದೇ ಇಲ್ಲ ಅಂದಳು. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ.

ಊರಿಗೆ ಬಂದ ಮೇಲೆ ಕಾಲು ನಿಧಾನಕ್ಕೆ ಕೂಡಿಕೊಂಡಿತು. ಕೋಲು ಹಿಡಿದು ನಡೆಯುವಷ್ಟಾಯಿತು. ಆದರೆ ಮನುಷ್ಯ ಮನೆ ಬಿಟ್ಟು ಹೊರಡಲೊಲ್ಲ. ಒಂದು ದಿನ ಪ್ರೇಮ ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದು ನನ್ನ ಅಂಗಡಿಯಲ್ಲಿ ಕೂತು ಅತ್ತಳು. ಬೆಳಗ್ಗೆ ಬ್ಯಾಂಕಿಗೆ ಅಂತ ಬಟ್ಟೆ ಹಾಕಿಕೊಳ್ಳುತ್ತಾರೆ, ಬಾಗಿಲ ತನಕ ಬರುತ್ತಾರೆ, ಹೊಸ್ತಿಲ ಹತ್ತಿರ ಕಿವಿಗೊಟ್ಟು ನಿಲ್ಲುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಒಳಗೆ ಬಂದು ಕೂರುತ್ತಾರೆ. ಯಾಕೆ ಅಂದರೆ, ಅವತ್ತು ಕೇಳಿತು, ಉಳಿದೆ, ಇವತ್ತು ಕೇಳಲಿಲ್ಲವಲ್ಲ ಅನ್ನುತ್ತಾರೆ. ಕೇಳಿದರೂ ಭಯ, ಕೇಳದಿದ್ದರೂ ಭಯ. ರಜೆಯೆಲ್ಲ ಮುಗಿದಿದೆ, ಇನ್ನು ಕೆಲಸ ಹೋಗುತ್ತದೆ ಅಣ್ಣಾ ಅಂದಳು.

ಆ ರಾತ್ರಿ ನಾನು ಜಯಮ್ಮನಿಗೆ ನನ್ನ ಯೋಚನೆ ಹೇಳಿದೆ. ಅವಳು ಹಾಸಿದ್ದ ಹಾಸಿಗೆಯನ್ನೇ ಎತ್ತಿ, ಕೊಡವಿ, ಮತ್ತೆ ಹಾಸಿದಳು. ನನ್ನೊಡನೆ ಇಷ್ಟು ವರ್ಷ ಬಾಳಿದರೂ ಸುಳ್ಳು ಹೇಳುವುದನ್ನು ಕಲಿಯದ ಹೆಂಗಸು ಅವಳು. ಕೊನೆಗೆ, ನಾನೂ ಬರುತ್ತೇನೆ ಅಂದಳು.

ಮಾರನೆಯ ದಿನ ಮಳವಳ್ಳಿಗೆ ಹೋಗಿ ಶಿವರಾಜುವಿನ ಎದುರು ಕೂತು, ತಲೆ ತಗ್ಗಿಸಿ, ಎರಡು ಸಲವೂ ಕೂಗಿದ್ದು ನಾನೇ ಅಂದೆ. ಎಲೆ ಅಡಿಕೆ ಕೆನ್ನೆಗೆ ಒತ್ತರಿಸಿಕೊಂಡು ಗಂಟಲಿನಲ್ಲೇ ದನಿ ತೆಗೆಯುವುದು ನನಗೆ ಗೊತ್ತು ಅಂದೆ. ನಿನ್ನ ಹಿಂದೆ ಬೆಕ್ಕಿನ ಹಾಗೆ ಬಂದು, ಕಿವಿಯಲ್ಲಿ ಊದಿ, ಬಂಡೆ ಮರೆಗೆ ಸರಿದೆ ಅಂದೆ. ಕಾಲು ಮುರಿದದ್ದಕ್ಕೆ ಹೆದರಿ ಆಸ್ಪತ್ರೆಯಲ್ಲಿ ಸುಳ್ಳು ಹೇಳಿದೆ, ನಿಮ್ಮಕ್ಕನ ಕೈಲೂ ಹೇಳಿಸಿದೆ ಅಂದೆ. ಅವನು ನನ್ನನ್ನು ನೋಡಲಿಲ್ಲ, ಅಕ್ಕನನ್ನು ನೋಡಿದ.

“ಅಕ್ಕ, ನಿಜ್ವಾ?”

ಜಯಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತಾ, “ಊಂ ಕಣಪ್ಪ. ಇವ್ರೇ” ಅಂದಳು.

ಹಾಗಾದರೆ ಆ ದನಿಯಲ್ಲಿ ಈಗ ಕೇಳಿ ಅಂತ ಶಿವರಾಜು ಕಣ್ಣು ಮುಚ್ಚಿಕೊಂಡ. ಇದಕ್ಕೆ ನಾನು ತಯಾರಾಗಿರಲಿಲ್ಲ. ಆ ದನಿಯನ್ನು ನಾನು ಎಷ್ಟೋ ಸಲ ಒಬ್ಬನೇ ಕೂತು ತೆಗೆಯಲು ನೋಡಿದ್ದೆ, ಹತ್ತಿರಕ್ಕೂ ಬಂದಿರಲಿಲ್ಲ. ಬೇರೆ ದಾರಿಯಿಲ್ಲದೆ ನನ್ನ ಹಳೆಯ ಮುದುಕಿಯ ದನಿಯಲ್ಲೇ, “ಎಲ್ಲಿಗ್ಲಾ ಒಂಟೆ” ಅಂದೆ. ಬಸ್‌ಸ್ಟ್ಯಾಂಡಿನ ಚೇಷ್ಟೆಯ ದನಿ. ಮಕ್ಕಳೂ ಕಂಡುಹಿಡಿಯುವಂಥದ್ದು.

ಅವನು ಕಣ್ಣು ತೆರೆಯಲು ಬಹಳ ಹೊತ್ತು ಹಿಡಿಯಿತು. ರೆಪ್ಪೆಯ ಕೆಳಗೆ ಕಣ್ಣೀರು ತುಂಬಿತ್ತು.

“ಅದೇ ದನಿ” ಅಂದ. ಆಮೇಲೆ ಕೋಲು ಎತ್ತಿ ನನ್ನ ಮಂಡಿಗೆ ಬಾರಿಸಿದ. ಹುಟ್ಟಿದಾಗಿನಿಂದ ಒಂದು ಕೆಟ್ಟ ಬೈಗುಳ ಆಡದವನು, ಅಪ್ಪ ಅಮ್ಮ ಅಜ್ಜ ಎಲ್ಲರನ್ನೂ ಸೇರಿಸಿ ಬೈದ. ಪ್ರೇಮ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅವನು ಮುಂದಿನ ಸೋಮವಾರ ಬ್ಯಾಂಕಿಗೆ ಹೋದ.

ಈಗ ಮಂಡ್ಯದ ಯಾವ ಮದುವೆಗೆ ಮೈಕ್ ಕಟ್ಟಲು ಹೋದರೂ ಯಾರಾದರೂ ಬಂದು, ನೇಪಾಳದಲ್ಲಿ ಬಾಮೈದನ ಕಾಲು ಮುರಿಸಿ ಜೀವ ಉಳಿಸಿದವರು ನೀವೇನಾ ಅಂತ ಕೇಳುತ್ತಾರೆ. ನಾನು ಹೂಂ ಅನ್ನುತ್ತೇನೆ. ನನ್ನ ಚೇಷ್ಟೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು ತಂದುಕೊಟ್ಟದ್ದು ನಾನು ಮಾಡದೇ ಇದ್ದದ್ದು. ಶಿವರಾಜು ಇಂಥ ಪತ್ರಿಕೆ ಓದುವವನಲ್ಲ, ಅದಕ್ಕೇ ಧೈರ್ಯ ಮಾಡಿ ಇಲ್ಲಿ ಬರೆದಿದ್ದೇನೆ. ನೀವೂ ಅವನಿಗೆ ಹೇಳಬೇಡಿ. ಅವನು ಅವತ್ತು ನಿಜವಾಗಿಯೂ ನಂಬಿದನೋ, ನಂಬಿದರೆ ಬದುಕಬಹುದು ಅಂತ ನಂಬಿದನೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ.

ಹೋದ ತಿಂಗಳು ಊಟ ಮಾಡುತ್ತಿರುವಾಗ ಜಯಮ್ಮ ಇದ್ದಕ್ಕಿದ್ದ ಹಾಗೆ, ಅವತ್ತು ಕೇಳಿದ ಆ ಗಂಡಸು ಯಾರಿರಬಹುದು ಅಂದಳು. ನಾನು ತುತ್ತು ಕೈಯಲ್ಲೇ ಹಿಡಿದು ನಿಲ್ಲಿಸಿದೆ. ಗಂಡಸಲ್ಲ, ನನಗೆ ಕೇಳಿಸಿದ್ದು ವಯಸ್ಸಾದ ಹೆಂಗಸಿನ ದನಿ ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಂಜೆ ಕೆಂಪಣ್ಣನ ಮನೆಗೆ ಹೋಗಿ ನಿನಗೆ ಯಾರ ದನಿ ಕೇಳಿಸಿತು ಅಂತ ಕೇಳಿದೆ. ಅವನು ಬೀಡಿ ಹಚ್ಚಿ, ಅರ್ಧ ಸೇದಿ, ಕಾಲಡಿ ಹೊಸಕಿದ.

“ಅದ್ನ ಮಾತ್ರ ಕೇಳ್ಬ್ಯಾಡ ಕಣ್ಲಾ” ಅಂದು ಎದ್ದು ಒಳಗೆ ಹೋದ.